ಓದುವ ಗಂಟೆ ಕೈ ತಪ್ಪಿ ಹೋಗುತ್ತಿದೆ, ಏನು ಮಾಡೋಣ?

ಪ್ರಶ್ನೆ: ನಾನು ರಾಯಚೂರು ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಲಿ-ಕಲಿ ತರಗತಿ ನನ್ನದು, ಅಂದರೆ ಮೂರು ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯೋದು. ಒಂದರಿಂದ ಮೂರರವರೆಗೆ 34 ಮಕ್ಕಳು. ಮೂರು ವರ್ಷದಿಂದ ಊಟದ ನಂತರ 40 ನಿಮಿಷ ಓದುವ ಗಂಟೆ ನಡೆಸುತ್ತಿದ್ದೆ. ಬೀರುವಿನಿಂದ ಕತೆ ಪುಸ್ತಕ ತೆಗೆದು ಕೊಡೋದು, ಜೋರಾಗಿ ಓದಿಸೋದು, ಅಷ್ಟೇ. ಈ ವರ್ಷ ಜೊತೆಯ ಮೇಷ್ಟ್ರನ್ನು ಬೇರೆ ಶಾಲೆಗೆ ನಿಯೋಜನೆ ಮಾಡಿದರು. ನನಗೆ ಬಿಎಲ್‌ಒ (ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ) ಕೆಲಸ, ಸಮೀಕ್ಷೆ, ಆ್ಯಪ್‌ಗೆ ಮಾಹಿತಿ ತುಂಬೋದು. ಈಗ ನಮ್ಮ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿ ಸಿಆರ್‌ಪಿಯವರು "ಓದುವ ಗಂಟೆ ಬಿಡಿ, ಆ ಹೊತ್ತಲ್ಲಿ ಅಭ್ಯಾಸ ಹಾಳೆ ಮುಗಿಸಿ" ಅಂತಾರೆ. ಪುಸ್ತಕ ಹರಿದರೆ ಲೆಕ್ಕ ಕೊಡಬೇಕು ಅಂತ ಬೀರುವಿನ ಕೀಲಿ ಮುಖ್ಯ ಶಿಕ್ಷಕರ ಜೇಬಲ್ಲಿದೆ. ನಮ್ಮ ಕ್ಲಸ್ಟರಿನಲ್ಲಿ ಆರೇಳು ಜನ ಶಿಕ್ಷಕರು ಏನಾದರೂ ಮಾಡಬೇಕು ಅಂತಿದ್ದೇವೆ. ನೋಟಿಸ್ ತಗೊಳ್ಳೋ ಆಸೆ ಯಾರಿಗೂ ಇಲ್ಲ. ಬೇರೆ ಕಡೆ ಶಿಕ್ಷಕರು ಇಂಥದ್ದನ್ನು ಹೇಗೆ ಉಳಿಸಿಕೊಂಡರು?

ಉತ್ತರ: ಮೇಡಂ, ನೀವು "ಯೋಜನೆ ಉಳಿಸೋದು ಹೇಗೆ" ಅಂತ ಕೇಳಲಿಲ್ಲ. 40 ನಿಮಿಷ ಉಳಿಸೋದು ಹೇಗೆ ಅಂತ ಕೇಳಿದ್ದೀರಿ. ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ. ಮೊದಲು ಮೇಷ್ಟ್ರಾಗಿ, ಆಮೇಲೆ ಮೇಷ್ಟ್ರುಗಳಿಗೆ ತರಬೇತಿ ಕೊಡುವವನಾಗಿ ನಾನು ನೋಡಿದ್ದು ಇಷ್ಟು: ಮಕ್ಕಳಿಗೆ ಓದು ಕಲಿಸುವ ಕಾರ್ಯಕ್ರಮವನ್ನು ಯಾರೂ ಆದೇಶ ಹೊರಡಿಸಿ ನಿಲ್ಲಿಸೋದಿಲ್ಲ. ಇಲಿ ಕಡಿದ ಹಾಗೆ ಮೂಲೆಯಿಂದ ಸ್ವಲ್ಪ ಸ್ವಲ್ಪ ಹೋಗುತ್ತದೆ. ಇವತ್ತು ಮೀಟಿಂಗು, ನಾಳೆ ಮನೆ ಮನೆ ಸುತ್ತೋದು, ನಾಡಿದ್ದು ಸರ್ವರ್ ಡೌನ್ ಅಂತ ಮೊಬೈಲ್ ಹಿಡ್ಕೊಂಡು ಮರದ ಕೆಳಗೆ ನಿಲ್ಲೋದು. ಫೈಲಿನಲ್ಲಿ ಕಾರ್ಯಕ್ರಮ ಚೆನ್ನಾಗಿ ನಡೀತಾನೇ ಇರುತ್ತದೆ. ನಿಲ್ಲಿಸಿದ್ದಾರೆ ಅಂತ ದೂರು ಕೊಡೋಣ ಅಂದರೆ ಯಾರೂ ನಿಲ್ಲಿಸೇ ಇಲ್ಲವಲ್ಲ!

ನೀವು ದಿನಾ ನಡೆಸುವ ನಲಿ-ಕಲಿ ಎಲ್ಲಿಂದ ಬಂತು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ ಈಗಿನ ಎಷ್ಟೋ ಶಿಕ್ಷಕರು ಅದನ್ನು ಬೆಂಗಳೂರಿನ ಯಾವುದೋ ಕಚೇರಿ ತಯಾರಿಸಿ ಕಳಿಸಿದ್ದು ಅಂದುಕೊಂಡಿದ್ದಾರೆ. ಹಾಗಲ್ಲ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋದರು. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರದಲ್ಲಿ ಪದ್ಮನಾಭ ರಾವ್, ರಮಾ ರಾವ್ ದಂಪತಿ ಸಣ್ಣ ಸಣ್ಣ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳನ್ನು ಇಟ್ಟುಕೊಂಡು ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಒಟ್ಟಿಗೆ ಪಾಠ ಮಾಡಿಸುತ್ತಿದ್ದರು. ಎಚ್.ಡಿ. ಕೋಟೆ ಅಂದರೆ ಕಾಡಂಚಿನ ತಾಲ್ಲೂಕು. ಆದಿವಾಸಿ ಹಾಡಿಗಳ ಮಕ್ಕಳು, ವಾರಗಟ್ಟಲೆ ಬಾರದ ಮಕ್ಕಳು, ಒಬ್ಬರೇ ಮೇಷ್ಟ್ರು. ಒಂದು ವಾರ ಶಾಲೆ ತಪ್ಪಿಸಿದ ಮಗು ವಾಪಸ್ ಬಂದಾಗ ಪಾಠ ಮುಂದೆ ಹೋಗಿಬಿಟ್ಟಿರುತ್ತಿತ್ತು. ಅಂಥ ಮಗುವಿಗೆ ಬಿಟ್ಟ ಜಾಗದಿಂದಲೇ ಶುರು ಮಾಡುವ ದಾರಿ ಬೇಕಿತ್ತು. ಶಿಕ್ಷಕರು ವಾಪಸ್ ಬಂದು, ಯುನಿಸೆಫ್ ನೆರವಿನಲ್ಲಿ, ತಾವೇ ಕೂತು ಕನ್ನಡಕ್ಕೆ ತಕ್ಕ ಹಾಗೆ ಕಾರ್ಡು ಬರೆದರು. ನಮ್ಮ ರಾಜ್ಯದಲ್ಲಿ ಶಿಕ್ಷಕರೇ ಬುಡದಿಂದ ಕಟ್ಟಿದ ಓದಿನ ಕೆಲಸ ಅಂದರೆ ನನಗೆ ಮೊದಲು ನೆನಪಾಗೋದು ಇದೇ. ಘೋಷಣೆ ಇಲ್ಲ, ಧರಣಿ ಇಲ್ಲ. ಕತ್ತರಿ, ರಟ್ಟು, ಸ್ಕೆಚ್ ಪೆನ್ನು.

2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲಿಂದಲೇ ಕಷ್ಟವೂ ಶುರುವಾಯಿತು. ಬಿಚ್ಚಿ ಹೇಳಬೇಕು ಅಂದರೆ, ತಾವೇ ಮಾಡಿದ ಕಾರ್ಡನ್ನು ಶಿಕ್ಷಕರು ಕಾಪಾಡಿಕೊಂಡ ಹಾಗೆ ಲಾರಿಯಲ್ಲಿ ಬಂದ ಕಾರ್ಡನ್ನು ಕಾಪಾಡಲಿಲ್ಲ. ಶಿಕ್ಷಕರಲ್ಲೇ ಎಷ್ಟೋ ಜನಕ್ಕೆ ನಲಿ-ಕಲಿ ಬೇಡವಾಗಿತ್ತು, ಈಗಲೂ ಬೇಡ. ಮೂರು ತರಗತಿ ಒಂದೇ ಕೋಣೆ, ಮಕ್ಕಳು ಜಾಸ್ತಿ ಇದ್ದರೆ ಐದು ತಟ್ಟೆ (ಮಕ್ಕಳ ಐದು ಗುಂಪು) ನಿಭಾಯಿಸೋದು ಸುಲಭ ಅಲ್ಲ ಅನ್ನೋ ಅವರ ಮಾತಲ್ಲಿ ಸುಳ್ಳೇನೂ ಇಲ್ಲ. ನಿಮ್ಮ ಆರೇಳು ಜನರಲ್ಲೂ ಇಬ್ಬರು ಮೂವರು ಆ ಅಭಿಪ್ರಾಯದವರೇ ಇರಬಹುದು. ಇರಲಿ. "ನಲಿ-ಕಲಿ ಉಳಿಸಿ" ಅಂತ ಹೊರಟರೆ ಅವರು ನಿಮ್ಮ ಜೊತೆ ಬರಲ್ಲ. "ಮಗುವಿಗೆ ದಿನಾ ಓದೋಕೆ 40 ನಿಮಿಷ ಬೇಕು" ಅಂದರೆ ಬರುತ್ತಾರೆ.

ತಾಯ್ತಂದೆಯರ ವಿಷಯವೂ ಇದೇ. ಒಂದು ಶಾಲೆಯಲ್ಲಿ ನಾನು ಕಂಡದ್ದು ಹೇಳುತ್ತೇನೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಕಿರಾಣಿ ಅಂಗಡಿಯವರು. ಮಗ ಒಂದನೇ ತರಗತಿ. ಒಂದು ದಿನ ಸಿಟ್ಟಲ್ಲಿ ಬಂದರು. "ಏನ್ ಟೀಚರ್, ಮೂರು ತಿಂಗಳಾಯ್ತು, ನನ್ನ ಮಗನಿಗೆ ಅ ಆ ಇ ಈ ಬರಲ್ಲ. ಬರೀ ಹಾಡು, ಕುಣಿತ. ಪಕ್ಕದ ಕಾನ್ವೆಂಟಲ್ಲಿ ನೋಡಿ..." ಟೀಚರ್ ವಾದ ಮಾಡಲಿಲ್ಲ. "ಬನ್ನಿ ಸರ್, ಕೂತ್ಕೊಳ್ಳಿ" ಅಂತ ಮಕ್ಕಳ ಜೊತೆ ನೆಲದ ಮೇಲೆ ಕೂರಿಸಿದರು. ನಲಿ-ಕಲಿಯಲ್ಲಿ ಅಕ್ಷರ ಶುರುವಾಗೋದು ರ ಗ ಸ ದ ಅ ಅಂತ, ನಿಮಗೆ ಗೊತ್ತೇ ಇದೆ. ಬರೆಯೋಕೆ ಸುಲಭ, ಐದೇ ಅಕ್ಷರದಲ್ಲಿ ಪದ ಹುಟ್ಟುತ್ತದೆ. ಆ ಹುಡುಗ ಅಪ್ಪನ ಮುಂದೆ ಅಕ್ಷರದ ಚೀಟಿ ಜೋಡಿಸಿ ಓದಿದ. ಸರ. ಅರಸ. ಅಗಸ. ಅಪ್ಪ ಸುಮ್ಮನಾದರು. ಆಮೇಲೆ ಪರೀಕ್ಷೆ ಮಾಡೋಣ ಅಂತಲೋ ಏನೋ, ತಾವೇ ದ, ಸ, ರ ಇಟ್ಟು "ಇದೇನು, ದಸರಾನಾ?" ಅಂದರು. ಹುಡುಗ ತಲೆ ಅಲ್ಲಾಡಿಸಿದ. "ಅಲ್ಲ ಅಪ್ಪಾ, ಇದು ದಸರ. ದಸರಾ ಆಗೋಕೆ ಇಳಿ ಬೇಕು. ಇಳಿ ನಂಗಿನ್ನೂ ಬಂದಿಲ್ಲ, ಅದು ಅಲ್ಲೈತೆ" ಅಂತ ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ತೋರಿಸುವ ಚಾರ್ಟು) ಮೇಲಿನ ಒಂದು ಮೆಟ್ಟಿಲು ತೋರಿಸಿದ.

ತನಗೆ ಏನು ಬರುತ್ತೆ, ಏನು ಬರಲ್ಲ, ಅದು ಮುಂದೆ ಎಲ್ಲಿ ಸಿಗುತ್ತೆ, ಮೂರೂ ಆರು ವರ್ಷದ ಹುಡುಗನಿಗೆ ಗೊತ್ತಿತ್ತು. ಆ ಅಧ್ಯಕ್ಷರು ನಲಿ-ಕಲಿ ಭಕ್ತರೇನೂ ಆಗಲಿಲ್ಲ. ಅ ಆ ಇ ಈ ಚಾರ್ಟು ಒಂದು ತಂದು ಗೋಡೆಗೆ ಹಾಕಿಸಿದರು, ಟೀಚರ್ ಬೇಡ ಅನ್ನಲಿಲ್ಲ. ಆದರೆ ಮುಂದಿನ ತಿಂಗಳು ಆ ಟೀಚರನ್ನು ಬೇರೆ ಶಾಲೆಗೆ ನಿಯೋಜನೆ ಮಾಡುವ ಮಾತು ಬಂದಾಗ, ಅಂಗಡಿ ಬಾಗಿಲು ಹಾಕಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋದವರು ಅವರೇ. ಅಲ್ಲಿ ಇವರ ಮಾತಿಗೆ ಇದ್ದ ತೂಕ ನಮ್ಮ ಮನವಿ ಪತ್ರಕ್ಕೆ ಇರುತ್ತಿರಲಿಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸ ಮನವಿ ಬರೆಯೋದಲ್ಲ. ಎಸ್‌ಡಿಎಂಸಿ ಸಭೆಯನ್ನು ಓದುವ ಗಂಟೆಯ ಹೊತ್ತಿಗೇ ಇಟ್ಟುಕೊಳ್ಳಿ. ಭಾಷಣ ಬೇಡ, ಮಕ್ಕಳು ಓದಲಿ. ತಪ್ಪು ಓದಿದರೂ ಪರವಾಗಿಲ್ಲ. ದಯವಿಟ್ಟು ಚೆನ್ನಾಗಿ ಓದುವ ನಾಲ್ಕು ಮಕ್ಕಳನ್ನೇ ಆರಿಸಿ ಮುಂದೆ ನಿಲ್ಲಿಸಬೇಡಿ. ಊರವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಹಿಂದೆ ಕೂತ ಮಗುವಿನ ಅವ್ವನಿಗಂತೂ ಮೊದಲೇ.

ಇನ್ನು ಕಾನೂನು. ಇಲ್ಲಿ ಶಿಕ್ಷಕರು ಅರ್ಧ ಕೇಳಿಕೊಂಡು ಎಡವುತ್ತಾರೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಪಾಠಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಹಾಕಬಾರದು ಅನ್ನುತ್ತದೆ. ಆದರೆ ಮೂರು ವಿನಾಯಿತಿ ಇದೆ: ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಸ್ಥಳೀಯ ಸಂಸ್ಥೆ, ವಿಧಾನಸಭೆ, ಸಂಸತ್ತಿನ ಚುನಾವಣೆ. ಅಂದರೆ ಜನಗಣತಿಗೆ ಬರಲ್ಲ, ಚುನಾವಣೆಗೆ ಬರಲ್ಲ ಅನ್ನೋಕೆ ಆಗಲ್ಲ. ಹಾಗೆ ಅಂದು ನೋಟಿಸ್ ತಗೊಂಡವರನ್ನು ನೋಡಿದ್ದೇನೆ. ಬಿಎಲ್‌ಒ ಕೆಲಸದ ಬಗ್ಗೆ 2007ರಲ್ಲೇ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ: ಮತದಾರರ ಪಟ್ಟಿ ಪರಿಷ್ಕರಣೆ ಮತ್ತು ಚುನಾವಣೆ ಕೆಲಸವನ್ನು ಶಿಕ್ಷಕರಿಗೆ ರಜಾ ದಿನ, ಪಾಠ ಇಲ್ಲದ ದಿನ ಕೊಡಬೇಕು, ಸಾಮಾನ್ಯವಾಗಿ ಪಾಠದ ದಿನ ಪಾಠದ ಹೊತ್ತಲ್ಲಿ ಕೊಡಬಾರದು. ನೀವು ಕೇಳಬೇಕಾದ್ದು "ಬಿಎಲ್‌ಒ ಕೆಲಸದಿಂದ ಬಿಡಿಸಿ" ಅಂತಲ್ಲ, "ಶಾಲೆ ಹೊತ್ತು ಬಿಟ್ಟು ಕೊಡಿ" ಅಂತ. ಮೊದಲನೆಯದು ಕೆಲಸ ತಪ್ಪಿಸಿಕೊಳ್ಳುವವರ ಮಾತಿನ ಹಾಗೆ ಕೇಳಿಸುತ್ತದೆ. ಎರಡನೆಯದಕ್ಕೆ ಇಲ್ಲ ಅನ್ನೋದು ಕಷ್ಟ.

ಸಮೀಕ್ಷೆಗಳ ವಿಷಯ ಬೇರೆ, ಆ ಮೂರು ವಿನಾಯಿತಿಯಲ್ಲಿ ಅವುಗಳ ಹೆಸರಿಲ್ಲ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಾಕಿ, ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದದ್ದು ನಿಮಗೆ ನೆನಪಿದೆ ಅಲ್ವಾ. ಆ ಸಮೀಕ್ಷೆ ಬೇಕಿತ್ತೋ ಬೇಡವೋ ಅನ್ನೋ ಚರ್ಚೆಗೆ ನಾನು ಹೋಗಲ್ಲ. ಒಂದನೇ ತರಗತಿ ಮಗುವಿನ ಲೆಕ್ಕದಲ್ಲಿ ಆಗಿದ್ದು ಏನು ಅಂತ ಮಾತ್ರ ನೋಡಿ: ಜೂನ್‌ನಿಂದ ಕಷ್ಟಪಟ್ಟು ನಾಲಿಗೆಗೆ ಹತ್ತಿಸಿಕೊಂಡ ಅಕ್ಷರ ಉದ್ದ ರಜೆಯಲ್ಲಿ ಅರ್ಧ ಇಳಿದುಹೋಗುತ್ತದೆ. ನವೆಂಬರ್‌ನಲ್ಲಿ ಮತ್ತೆ ರ ಗ ಸ ದ ಅ.

ಇದೇ ಕಾಯ್ದೆಯಲ್ಲಿ ಶಿಕ್ಷಕರು ಬಳಸದೇ ಬಿಟ್ಟಿರುವ ಎರಡು ಜಾಗ ಇವೆ. ಒಂದು, ಕಾಯ್ದೆಯ ಕೊನೆಯ ಅನುಸೂಚಿ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಪತ್ರಿಕೆ, ನಿಯತಕಾಲಿಕೆ, ಕತೆ ಪುಸ್ತಕ ಇರಬೇಕು ಅಂತ ಅಲ್ಲಿದೆ. ಕತೆ ಪುಸ್ತಕ ಅನ್ನೋ ಮಾತೇ ಇದೆ. ಹಾಗಾಗಿ ನಿಮ್ಮ ಓದುವ ಗಂಟೆ ಹವ್ಯಾಸ ಅಲ್ಲ, ಬೀರು ಅಲಂಕಾರಕ್ಕೆ ಅಲ್ಲ. ಎರಡು, ಶಾಲಾ ಸಮಿತಿಯ, ಅಂದರೆ ನಮ್ಮ ಎಸ್‌ಡಿಎಂಸಿಯ ಕೆಲಸಗಳು. ಶಿಕ್ಷಕರ ಮೇಲೆ 27ನೇ ಸೆಕ್ಷನ್ ಮೀರಿದ ಬೇರೆ ಕೆಲಸದ ಹೊರೆ ಬೀಳದ ಹಾಗೆ ನೋಡಿಕೊಳ್ಳೋದು ಸಮಿತಿಯ ಕೆಲಸ ಅಂತ ಕೇಂದ್ರದ 2010ರ ಮಾದರಿ ನಿಯಮಗಳಲ್ಲೇ ಬರೆದಿದ್ದಾರೆ. ಸಮಿತಿಯಲ್ಲಿ ಮುಕ್ಕಾಲು ಪಾಲು ತಾಯ್ತಂದೆಯರೇ ಇರಬೇಕು ಅನ್ನೋದು ಕಾಯ್ದೆಯಲ್ಲಿದೆ. ಅಂದರೆ ನೀವು ಬಾಯಿ ಬಿಟ್ಟು ಹೇಳಿದರೆ ದೂರು ಅನ್ನಿಸುವ ಅದೇ ಮಾತನ್ನು ಅವರು ನಡಾವಳಿ ಪುಸ್ತಕದಲ್ಲಿ ಬರೆಸಿದರೆ ಅದು ಅವರ ಕರ್ತವ್ಯ.

ಇದು ಯಾಕೆ ಮುಖ್ಯ ಅಂದರೆ, ನೀವು ಸರ್ಕಾರಿ ನೌಕರರು. 2021ರ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವ ಹಾಗಿಲ್ಲ. ಫೇಸ್‌ಬುಕ್ಕಲ್ಲಿ ಸಿಟ್ಟು ತೀರಿಸಿಕೊಳ್ಳೋದು, ಖಾಲಿ ತರಗತಿಯ ವಿಡಿಯೋ ಮಾಡಿ ವಾಟ್ಸಾಪ್‌ಗೆ ಹಾಕೋದು, ಮಕ್ಕಳ ಕೈಯಲ್ಲಿ "ನಮ್ಮ ಟೀಚರ್ ಬೇಕು" ಅಂತ ಹೇಳಿಸಿ ರೆಕಾರ್ಡ್ ಮಾಡೋದು, ಯಾವುದೂ ಬೇಡ. ಅದು ಒಂದು ದಿನ ಓಡುತ್ತದೆ. ಮಾರನೇ ದಿನ ಚರ್ಚೆ ಓದಿನ ಬಗ್ಗೆ ಇರಲ್ಲ, ವಿಡಿಯೋ ಯಾರು ಮಾಡಿದ್ದು ಅನ್ನೋದರ ಬಗ್ಗೆ ಇರುತ್ತದೆ. ಸಂಘದ ಮೂಲಕ ಹೋಗೋದು ಸರಿಯೇ, ಹೋಗಿ. ಆದರೆ ಸಂಘಕ್ಕೆ ವರ್ಗಾವಣೆ, ಬಡ್ತಿ, ಪಿಂಚಣಿ ಅಂತ ನೂರೆಂಟು ತಲೆನೋವು. ನಿಮ್ಮ 40 ನಿಮಿಷ ಆ ಪಟ್ಟಿಯ ಕೊನೆಯಲ್ಲಿ ಕೂತಿರುತ್ತದೆ. ಬೇಸರ ಬೇಡ, ಅದು ಇರೋದೇ ಹಾಗೆ.

ಈಗ ಒಂದು ಸಾದಾ ಕೆಲಸ ಹೇಳುತ್ತೇನೆ. 100 ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ತಾರೀಖು, ಓದುವ ಗಂಟೆ ನಡೆಯಿತೋ ಇಲ್ಲವೋ, ಇಲ್ಲ ಅಂದರೆ ಯಾವ ಕೆಲಸಕ್ಕೆ ಹೋಯಿತು, ಯಾರು ಕರೆದರು (ಫೋನೋ, ಮೆಸೇಜೋ, ಆದೇಶವೋ), ಆ ಹೊತ್ತಲ್ಲಿ ಮಕ್ಕಳ ಜೊತೆ ಯಾರಿದ್ದರು. ಬೈಗುಳ ಬೇಡ, ಷರಾ ಬೇಡ. ಆರೇಳು ಜನವೂ ಒಂದೇ ಮಾದರಿಯಲ್ಲಿ ಬರೆಯಿರಿ. ಹೀಗೆ ಬರೆದ ಒಂದು ಪುಸ್ತಕವನ್ನು ನಾನು ನೋಡಿದ್ದೇನೆ. ಓದುವ ಗಂಟೆ ಅರ್ಧದಷ್ಟು ದಿನವೂ ನಡೆದಿರಲಿಲ್ಲ, ಅದು ನನಗೆ ಆಶ್ಚರ್ಯ ಆಗಲಿಲ್ಲ. ಕೊನೆಯ ಕಾಲಂ ನೋಡಿ ಕೈ ನಿಂತಿತು. ಪುಟದ ತುಂಬ ಒಂದೇ ಪದ: ಅಡುಗೆಯವರು. ಅಡುಗೆಯವರು. ಅಡುಗೆಯವರು. ಅನ್ನ ಬಸಿದು, ಪಾತ್ರೆ ತೊಳೆದು, ಮೂರು ತರಗತಿ ಮಕ್ಕಳನ್ನೂ ಆ ಹೆಂಗಸೇ ನೋಡಿಕೊಂಡಿದ್ದಳು. ಬಿಇಒ ಸಾಹೇಬರು ಆ ಪುಟವನ್ನು ಓದಿ ಪಕ್ಕಕ್ಕೆ ಇಡಲಿಲ್ಲ, ಎದುರಿಗೇ ಇಟ್ಟುಕೊಂಡು ಮಾತಾಡಿದರು.

ಬೇರೆ ಕಡೆ ಹೇಗೆ ಅಂತ ಕೇಳಿದಿರಿ. ಅಮೆರಿಕದ ಎರಡು ಉದಾಹರಣೆ ಕೊಡುತ್ತೇನೆ, ಒಂದು ಅರ್ಧ ಗೆದ್ದದ್ದು, ಒಂದು ಗೆದ್ದದ್ದು. 1974ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶಿಕ್ಷಕರೇ ಶಿಕ್ಷಕರಿಗೆ ಬರವಣಿಗೆ ಕಲಿಸೋದನ್ನು ಹೇಳಿಕೊಡುವ ಒಂದು ಬೇಸಿಗೆ ಶಿಬಿರ ಶುರುವಾಯಿತು. ಅದೇ ಬೆಳೆದು ನ್ಯಾಷನಲ್ ರೈಟಿಂಗ್ ಪ್ರಾಜೆಕ್ಟ್ ಆಯಿತು. ನಮ್ಮ ಎಚ್.ಡಿ. ಕೋಟೆಯ ಕತೆಗೆ ದೂರದ ನೆಂಟರು ಅನ್ನಿ. 2011ರ ಮಾರ್ಚ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಖರ್ಚು ಕಡಿತದಲ್ಲಿ ಅದರ ನೇರ ಅನುದಾನವನ್ನೇ ತೆಗೆಯಿತು. ವರ್ಷಕ್ಕೆ ಎರಡೂವರೆ ಕೋಟಿ ಡಾಲರ್ ಆಸುಪಾಸು. ಶಿಕ್ಷಕರು ಬೀದಿಗೆ ಇಳಿಯಲಿಲ್ಲ, ಬರೆದರು. ತಮ್ಮ ತರಗತಿಯಲ್ಲಿ ಏನು ಬದಲಾಯಿತು ಅಂತ ಒಬ್ಬೊಬ್ಬರೂ ಬ್ಲಾಗಲ್ಲಿ ಬರೆದು ತಮ್ಮ ತಮ್ಮ ಸಂಸದರಿಗೆ ಕಳಿಸಿದರು. ಆ ನೇರ ಅನುದಾನ ವಾಪಸ್ ಬರಲಿಲ್ಲ. ಆದರೆ ಸ್ಪರ್ಧೆಯಲ್ಲಿ ಅರ್ಜಿ ಹಾಕಿ ಪಡೆಯುವ ಬೇರೆ ಅನುದಾನ ಸಿಕ್ಕಿತು, ಸಂಸ್ಥೆ ಇವತ್ತಿಗೂ ಇದೆ.

ಎರಡನೆಯದು ಲಾಸ್ ಏಂಜಲೀಸ್. 2019ರ ಜನವರಿಯಲ್ಲಿ 30 ಸಾವಿರಕ್ಕೂ ಹೆಚ್ಚು ಶಿಕ್ಷಕರು ಆರು ಶಾಲಾ ದಿನ ಮುಷ್ಕರ ಮಾಡಿದರು. ಸಂಬಳದ ಜೊತೆ ಅವರು ಕೇಳಿದ್ದು ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿಸಿ, ಶಾಲೆಗೆ ನರ್ಸ್ ಕೊಡಿ, ಗ್ರಂಥಪಾಲಕರನ್ನು ಕೊಡಿ ಅಂತ. ಮಾಧ್ಯಮಿಕ ಮತ್ತು ಪ್ರೌಢ ಶಾಲೆಗಳಿಗೆ ಪೂರ್ಣಾವಧಿ ಗ್ರಂಥಪಾಲಕರು ಒಪ್ಪಂದದಲ್ಲಿ ಬಂದರು. ಮುಷ್ಕರ ನಮಗೆ ಆಗೋ ಮಾತಲ್ಲ, ಬಿಡಿ. ಆದರೆ ಆ ವಾರ ಜೋರು ಮಳೆ, ಮಳೆಯಲ್ಲಿ ಶಿಕ್ಷಕರ ಪಕ್ಕ ಛತ್ರಿ ಹಿಡಿದು ತಾಯ್ತಂದೆಯರೂ ನಿಂತಿದ್ದರು. ಸಂಬಳ ಒಂದೇ ಕೇಳಿದ್ದರೆ ಅಷ್ಟು ಜನ ಬರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಸಿಆರ್‌ಪಿಯವರ ಬಗ್ಗೆ. ಅವರನ್ನು ಎದುರು ಪಕ್ಷ ಮಾಡಿಕೊಳ್ಳಬೇಡಿ. ಅವರೂ ಮೇಷ್ಟ್ರೇ, ಮೇಲಿನವರು ಹಾಳೆಯ ಲೆಕ್ಕ ಕೇಳುತ್ತಾರೆ, ಇವರು ನಿಮ್ಮನ್ನು ಕೇಳುತ್ತಾರೆ. ನನ್ನ ಸಲಹೆ ಸ್ವಲ್ಪ ರಾಜಿಯದ್ದು: 40 ನಿಮಿಷದಲ್ಲಿ 10 ನಿಮಿಷ ಹಾಳೆಗೆ ಕೊಡಿ, 30 ನಿಮಿಷ ಪುಸ್ತಕ ಓದಲಿ. ಓದಿದ್ದನ್ನೇ ಹಾಳೆಯಲ್ಲಿ ಬರೆಸಿ. ಅವರ ಫಾರಂ ತುಂಬುತ್ತದೆ, ನಿಮ್ಮ ಗಂಟೆ ಉಳಿಯುತ್ತದೆ. ಇದನ್ನು ಸೋಲು ಅನ್ನುವ ಗೆಳೆಯರು ನನಗಿದ್ದಾರೆ. ಅವರು ಯಾರೂ 34 ಮಕ್ಕಳಿಗೆ ಒಬ್ಬರೇ ಪಾಠ ಮಾಡುತ್ತಿಲ್ಲ. ಆಮೇಲೆ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಆರೇಳು ಜನದಲ್ಲಿ ಒಬ್ಬರು ಪ್ರತಿ ಸಲ ಹತ್ತು ನಿಮಿಷ ತಮ್ಮ ಓದುವ ಗಂಟೆ ಬಗ್ಗೆ ಹೇಳಲಿ. ಆ ಸಭೆಯ ವರದಿಯಲ್ಲಿ ಅದು ದಾಖಲಾಗುತ್ತಾ ಹೋಗಲಿ. ದಾಖಲೆ ಇರುವ ಕೆಲಸವನ್ನು ಬಾಯಿ ಮಾತಲ್ಲಿ ನಿಲ್ಲಿಸೋದು ಕಷ್ಟ.

ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತಾರೆ, ಅದನ್ನೂ ನೋಡಿ ಬನ್ನಿ. 2020ರ ನವೆಂಬರ್‌ನಲ್ಲಿ ಶುರುವಾದ ಓದುವ ಬೆಳಕು ಅಭಿಯಾನದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ ಮಾಡಿದರು. ಮೇಲ್ವಿಚಾರಕರು ಆಸಕ್ತಿ ಇರುವವರಾದರೆ ನಿಮ್ಮ ಮೂರನೇ ತರಗತಿ ಮಕ್ಕಳನ್ನು ವಾರಕ್ಕೊಂದು ಸಂಜೆ ಅಲ್ಲಿಗೆ ಕಳಿಸಬಹುದು. ನಿಮ್ಮ ಗಂಟೆಗೆ ಅದು ಬದಲಿ ಅಲ್ಲ, ಆದರೆ ಪಂಚಾಯಿತಿಯವರಿಗೆ ಮಕ್ಕಳು ಓದುವುದು ಕಣ್ಣಿಗೆ ಬೀಳುತ್ತದೆ. ಮಕ್ಕಳ ಗ್ರಾಮ ಸಭೆ ನಡೆದಾಗ ಮಕ್ಕಳೇ ಪುಸ್ತಕ ಕೇಳಿದರೆ ಕೇಳಲಿ. ನೀವು ಬರೆದುಕೊಟ್ಟು ಓದಿಸಬೇಡಿ.

ಕೊನೆಗೆ ಬರವಣಿಗೆ. ಎಸ್‌ಡಿಎಂಸಿ ನಿರ್ಣಯ ಎರಡೇ ಸಾಲು ಇರಲಿ: "ಒಂದರಿಂದ ಮೂರನೇ ತರಗತಿ ಮಕ್ಕಳ ಓದುವ ಗಂಟೆಯನ್ನು (ಮಧ್ಯಾಹ್ನ ಇಂತಿಷ್ಟು ಗಂಟೆಯಿಂದ 40 ನಿಮಿಷ) ಪ್ರತಿದಿನ ತಪ್ಪದೆ ನಡೆಸಬೇಕೆಂದು, ಆ ಅವಧಿಯಲ್ಲಿ ನಲಿ-ಕಲಿ ಶಿಕ್ಷಕಿಯನ್ನು ಬೇರೆ ಕೆಲಸಕ್ಕೆ ಕರೆಯಬಾರದೆಂದು ಸಮಿತಿ ಕೋರುತ್ತದೆ. ನಿಯೋಜನೆ ಮಾಡಿದ ಶಿಕ್ಷಕರನ್ನು ಶಾಲೆಗೆ ಹಿಂದಿರುಗಿಸಬೇಕೆಂದು ಸಹ ಕೋರುತ್ತದೆ." ಅಧ್ಯಕ್ಷರ ಸಹಿ, ಸದಸ್ಯರ ಸಹಿ ಅಥವಾ ಹೆಬ್ಬೆಟ್ಟು. ಅಧ್ಯಕ್ಷರೇ ಬಿಇಒ ಕಚೇರಿಗೆ ಹೋಗಿ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡು ಬರಲಿ. ಒಂದು ಪ್ರತಿ ಸಿಆರ್‌ಪಿಗೆ. ಆರೇಳು ಶಾಲೆಯಿಂದ ಒಂದೇ ವಾರದಲ್ಲಿ ಇಂಥ ಪತ್ರ ಹೋದರೆ ಜಾಸ್ತಿ ಕೆಲಸ ಮಾಡುತ್ತದೆ, ಆದರೆ ಅಕ್ಷರಕ್ಕೆ ಅಕ್ಷರ ಒಂದೇ ಇರಬಾರದು. ಒಬ್ಬರೇ ಕೂತು ಬರೆದದ್ದು ಅಂತ ಗೊತ್ತಾಗಿಬಿಡುತ್ತದೆ.

ಕೀಲಿ ವಿಷಯ ಮರೆತಿದ್ದೆ. ಮುಖ್ಯ ಶಿಕ್ಷಕರ ಭಯ ಸುಳ್ಳಲ್ಲ, ಪುಸ್ತಕ ಕಳೆದರೆ ದಾಸ್ತಾನು ಪುಸ್ತಕಕ್ಕೆ ಅವರೇ ಉತ್ತರ ಹೇಳಬೇಕು. ಹರಿದ ಪುಸ್ತಕಗಳ ಪಟ್ಟಿ ಮಾಡಿ ವರ್ಷಕ್ಕೊಮ್ಮೆ ಎಸ್‌ಡಿಎಂಸಿ ಮುಂದೆ ಇಟ್ಟು ಬರೆಸಿಕೊಳ್ಳೋಣ ಅಂತ ಹೇಳಿ ನೋಡಿ. ಹಂಚಿದ ಪುಸ್ತಕದ ಲೆಕ್ಕವನ್ನು ಮೂರನೇ ತರಗತಿಯ ಇಬ್ಬರು ಮಕ್ಕಳಿಗೆ ವಹಿಸಿ, ಅವರು ನಮಗಿಂತ ಕಟ್ಟುನಿಟ್ಟು. ಅದಕ್ಕೂ ಒಪ್ಪಲಿಲ್ಲ ಅಂದರೆ 20 ಪುಸ್ತಕ ನಿಮ್ಮ ಸಹಿಯ ಮೇಲೆ ತಗೊಂಡು, ತರಗತಿಯಲ್ಲಿ ಒಂದು ಹಗ್ಗ ಕಟ್ಟಿ ಅದರ ಮೇಲೆ ನೇತು ಹಾಕಿ. ಹರಿದರೆ ನಾನೇ 20 ಪುಸ್ತಕ ಕಳಿಸಿಕೊಡುತ್ತೇನೆ.